ಓದುಗರ ಪ್ರಶ್ನೆ: ಹೆಚ್ಚು ಮತ ಪಡೆದವರು ಸೋಲುವುದು ಹೇಗೆ?

ಪ್ರಶ್ನೆ: ನನ್ನ ಮಗಳು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ ಅಲ್ಲಿಯ ಪೌರತ್ವ ಪಡೆದಿದ್ದಾಳೆ. ಅಧ್ಯಕ್ಷರ ಚುನಾವಣೆ ಬಂದಾಗಲೆಲ್ಲ ‘ನಾನು ಮತ ಹಾಕಿದರೂ ಒಂದೇ, ಬಿಟ್ಟರೂ ಒಂದೇ’ ಎನ್ನುತ್ತಾಳೆ. 2016ರಲ್ಲಿ ಹಿಲರಿ ಕ್ಲಿಂಟನ್ ಹೆಚ್ಚು ಮತ ಪಡೆದೂ ಸೋತರಂತೆ. ಜನರೇ ನೇರವಾಗಿ ಆರಿಸುವುದು ಒಳ್ಳೆಯದಲ್ಲವೇ? ನಮ್ಮ ರಾಷ್ಟ್ರಪತಿಯನ್ನೂ ಜನ ನೇರವಾಗಿ ಆರಿಸುವುದಿಲ್ಲ. ಅದರ ಬಗ್ಗೆ ಇಂಥ ತಕರಾರು ಏಕಿಲ್ಲ?
– ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ನಿಮ್ಮ ಮಗಳ ಮಾತಿನಲ್ಲಿ ಹುರುಳಿದೆ. ಅಮೆರಿಕದ ಮತದಾರರು ನವೆಂಬರಿನಲ್ಲಿ ಆರಿಸುವುದು ತಮ್ಮ ರಾಜ್ಯದ ಎಲೆಕ್ಟರುಗಳನ್ನು. ಅಧ್ಯಕ್ಷರಿಗೆ ಮತ ಹಾಕುವವರು ಆ ಎಲೆಕ್ಟರುಗಳು. ಸಂಸತ್ತಿನ ಎರಡು ಸದನಗಳಲ್ಲಿ ಒಂದು ರಾಜ್ಯಕ್ಕೆ ಎಷ್ಟು ಸ್ಥಾನಗಳಿವೆಯೋ ಅದಕ್ಕೆ ಅಷ್ಟೇ ಎಲೆಕ್ಟರುಗಳು. ರಾಜಧಾನಿ ವಾಷಿಂಗ್ಟನ್ನಿನ ಮೂವರೂ ಸೇರಿ ಒಟ್ಟು 538 ಜನ. ಗೆಲ್ಲಲು 270 ಬೇಕು.

ಮೇಲ್ಮನೆಯಾದ ಸೆನೆಟ್ಟಿನಲ್ಲಿ ಪ್ರತಿ ರಾಜ್ಯಕ್ಕೂ ಇಬ್ಬರಿರುವುದರಿಂದ ಚಿಕ್ಕ ರಾಜ್ಯಗಳ ತೂಕ ಹೆಚ್ಚು. ಜನಸಂಖ್ಯೆ ಆರು ಲಕ್ಷ ಮುಟ್ಟದ ವಯೋಮಿಂಗಿಗೆ 3 ಎಲೆಕ್ಟರುಗಳು, ನಾಲ್ಕು ಕೋಟಿಯ ಸಮೀಪವಿರುವ ಕ್ಯಾಲಿಫೋರ್ನಿಯಾಕ್ಕೆ 54. ಟೀಕೆಯೆಲ್ಲ ಸಾಮಾನ್ಯವಾಗಿ ಇದರ ಮೇಲೆಯೇ. ಆದರೆ ನನ್ನ ದೃಷ್ಟಿಯಲ್ಲಿ ಹೆಚ್ಚಿನ ತೊಡಕು ಬೇರೆಡೆ ಇದೆ. ಮೇನ್ ಮತ್ತು ನೆಬ್ರಾಸ್ಕಗಳನ್ನು ಬಿಟ್ಟರೆ ಉಳಿದ 48 ರಾಜ್ಯಗಳಲ್ಲಿ, ಒಂದೇ ಮತದಿಂದ ಮುಂದಿದ್ದರೂ ಸರಿ, ಮುಂದಿದ್ದವರಿಗೆ ಆ ರಾಜ್ಯದ ಅಷ್ಟೂ ಎಲೆಕ್ಟರುಗಳು ಸಲ್ಲುತ್ತಾರೆ. 2016ರಲ್ಲಿ ಕ್ಲಿಂಟನ್ ಇಡೀ ದೇಶದಲ್ಲಿ ಸುಮಾರು 28 ಲಕ್ಷ ಮತಗಳಿಂದ ಮುಂದಿದ್ದರು. ಕ್ಯಾಲಿಫೋರ್ನಿಯಾ ಒಂದರಲ್ಲೇ ಅವರ ಮುನ್ನಡೆ 42 ಲಕ್ಷ ದಾಟಿತ್ತು. ಅಲ್ಲಿ ರಾಶಿ ಬಿದ್ದ ಮತಗಳಿಂದ ಅವರಿಗೆ ಹೆಚ್ಚಿನ ಒಬ್ಬ ಎಲೆಕ್ಟರೂ ಬರಲಿಲ್ಲ. ಅತ್ತ ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾಗಳಲ್ಲಿ ಒಟ್ಟು 80 ಸಾವಿರಕ್ಕೂ ಕಡಿಮೆ ಮತಗಳ ಮುನ್ನಡೆ ಟ್ರಂಪ್ ಅವರಿಗೆ 46 ಎಲೆಕ್ಟರುಗಳನ್ನು ಕೊಟ್ಟಿತು. ಗೆಲುವು ನಿಂತದ್ದೇ ಅದರ ಮೇಲೆ. ಇದು ಒಂದು ಪಕ್ಷದ ನಷ್ಟ ಮಾತ್ರವಲ್ಲ. 2020ರಲ್ಲಿ ಟ್ರಂಪ್ ಅವರಿಗೆ ಅತಿ ಹೆಚ್ಚು ಮತಗಳು, ಸುಮಾರು 60 ಲಕ್ಷ, ಬಂದದ್ದು ಟೆಕ್ಸಸ್ಸಿನಿಂದಲ್ಲ, ಕ್ಯಾಲಿಫೋರ್ನಿಯಾದಿಂದ. ಅವುಗಳ ಫಲ ಸೊನ್ನೆ. ಈ ಸಾರಾಸಗಟು ಪದ್ಧತಿಯನ್ನು ಸಂವಿಧಾನ ವಿಧಿಸಿಲ್ಲ, ಅದು ಆಯಾ ರಾಜ್ಯಗಳು ಮಾಡಿಕೊಂಡ ಕಾನೂನು. (ಮತಕ್ಕೂ ಫಲಕ್ಕೂ ತಾಳೆಯಾಗದಿರುವುದು ನಮಗೂ ಹೊಸದಲ್ಲ: 2018ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಶೇ. 38ರಷ್ಟು ಮತ ಪಡೆದ ಕಾಂಗ್ರೆಸ್ 78 ಸ್ಥಾನಗಳಿಗೆ ನಿಂತಿತು, ಶೇ. 36ರಷ್ಟು ಪಡೆದ ಬಿಜೆಪಿ 104 ಗೆದ್ದಿತು.)

ಅಮೆರಿಕದ ಸಂವಿಧಾನ ರಚಿಸಿದ 1787ರ ಫಿಲಡೆಲ್ಫಿಯಾ ಸಭೆಯಲ್ಲಿಯೇ ಜೇಮ್ಸ್ ವಿಲ್ಸನ್ ನೇರ ಚುನಾವಣೆಯನ್ನು ಸೂಚಿಸಿದ್ದರು. ಆದರೆ ದಕ್ಷಿಣದ ರಾಜ್ಯಗಳ ಗುಲಾಮರಿಗೆ ಮತವಿರಲಿಲ್ಲ. ಸ್ಥಾನಗಳ ಲೆಕ್ಕದಲ್ಲಿ ಮಾತ್ರ ಐವರು ಗುಲಾಮರು ಮೂವರೆಂದು ಗಣನೆಗೆ ಬರುತ್ತಿದ್ದರು. ನೇರ ಚುನಾವಣೆಯಲ್ಲಿ ಕಳೆದುಹೋಗುವ ಈ ಲಾಭ ಎಲೆಕ್ಟರುಗಳ ಪದ್ಧತಿಯಲ್ಲಿ ಉಳಿಯಿತು. 1969ರಲ್ಲಿ ನೇರ ಚುನಾವಣೆಯ ತಿದ್ದುಪಡಿ ಕೆಳಮನೆಯಲ್ಲಿ 338–70 ಮತಗಳಿಂದ ಗೆದ್ದು, ಮರುವರ್ಷ ಸೆನೆಟ್ಟಿನಲ್ಲಿ ಮುಗಿಯದ ಚರ್ಚೆಯ ತಂತ್ರಕ್ಕೆ ಸಿಲುಕಿ ಸತ್ತಿತು. ಈಗಿರುವುದು ರಾಜ್ಯಗಳ ನಡುವಿನ ಒಂದು ಒಪ್ಪಂದ: ಸಹಿ ಹಾಕಿದ ರಾಜ್ಯಗಳ ಎಲೆಕ್ಟರುಗಳು 270 ಆದ ದಿನದಿಂದ ಅವರೆಲ್ಲ ದೇಶದಲ್ಲಿ ಹೆಚ್ಚು ಮತ ಪಡೆದವರಿಗೇ ಸಲ್ಲಬೇಕು. ಕ್ಯಾಲಿಫೋರ್ನಿಯಾ 2011ರಲ್ಲೇ ಸೇರಿದೆ. 2024ರ ಚುನಾವಣೆಯ ಹೊತ್ತಿಗೆ ಲೆಕ್ಕ 209ರಲ್ಲಿತ್ತು.

ನೇರ ಚುನಾವಣೆಗೆ ನನ್ನ ಒಲವಿದ್ದರೂ ಒಂದು ಅಳುಕಿದೆ. 2000ದಲ್ಲಿ ಫ್ಲೋರಿಡಾದ 537 ಮತಗಳ ಅಂತರದ ಜಗಳ ಆ ಒಂದು ರಾಜ್ಯದೊಳಗೇ ಉಳಿಯಿತು. ದೇಶದ ಒಟ್ಟು ಮತಗಳಲ್ಲೇ ಅಂತರ ಕೂದಲೆಳೆಯಷ್ಟಾದರೆ ಮರುಎಣಿಕೆಯೂ ದೇಶದಾದ್ಯಂತ ಆಗಬೇಕು. ನಮ್ಮ ಚುನಾವಣಾ ಆಯೋಗದಂತೆ ಮತದಾನವನ್ನು ಕೇಂದ್ರದಿಂದ ನಡೆಸುವ ಸಂಸ್ಥೆ ಅಲ್ಲಿಲ್ಲ.

ಇನ್ನು ನಮ್ಮ ರಾಷ್ಟ್ರಪತಿ. ಇಲ್ಲಿ ಮತ ಹಾಕುವವರು ಚುನಾಯಿತ ಸಂಸದರು ಮತ್ತು ಶಾಸಕರು. ಶಾಸಕರ ಮತಕ್ಕೆ ಅವರ ರಾಜ್ಯದ ಜನಸಂಖ್ಯೆಗೆ ತಕ್ಕ ಮೌಲ್ಯವಿದೆ: 1971ರ ಜನಗಣತಿಯಂತೆ ಕರ್ನಾಟಕದ ಪ್ರತಿ ಶಾಸಕರ ಮತದ ಮೌಲ್ಯ 131. ಅದು ಅವರು ಆರಿಸಿದ ಅಭ್ಯರ್ಥಿಗೇ ಹೋಗುತ್ತದೆ, ಇಡೀ ರಾಜ್ಯದ ಮತಗಳು ಗಂಟುಕಟ್ಟಿ ಒಬ್ಬರ ಪಾಲಾಗುವುದಿಲ್ಲ. ಸಂವಿಧಾನ ಸಭೆಯಲ್ಲಿ ಕೆ. ಟಿ. ಷಾ ನೇರ ಚುನಾವಣೆಗಾಗಿ ತಿದ್ದುಪಡಿ ತಂದರೂ ಅದು ಬಿದ್ದುಹೋಯಿತು. ಕಾರಣವನ್ನು ನೆಹರೂ 1947ರಲ್ಲೇ ಹೇಳಿದ್ದರು: ಅಧಿಕಾರವಿರುವುದು ಮಂತ್ರಿಮಂಡಲದಲ್ಲಿ, ಇಡೀ ದೇಶದ ಮತ ಪಡೆದು ಬಂದವರಿಗೆ ನಿಜವಾದ ಅಧಿಕಾರವನ್ನೇ ಕೊಡದಿರುವುದು ಅಸಂಗತವಾಗುತ್ತದೆ.