ತಮ್ಮನಿಗೆ ಕ್ರೋನ್ಸ್ ಕಾಯಿಲೆ, ಔಷಧಿ ನಡೀತಿದೆ. ಊಟದ ವಿಷಯಕ್ಕೆ ಬೇರೆ ಡಯಟೀಷಿಯನ್ ಬೇಕಾ?

ಬೇಕು, ಖಂಡಿತ ತೋರಿಸಿ. ಆದರೆ ಔಷಧಿ ನಿಲ್ಲಿಸಿ ಪಥ್ಯ ಮಾಡಿಸುವವರ ಹತ್ತಿರ ಅಲ್ಲ.

ಕ್ರೋನ್ಸ್‌ನಲ್ಲಿ ಕರುಳಿನ ಗೋಡೆ ಉರಿಯೂತದಿಂದ ಊದಿಕೊಳ್ಳುತ್ತದೆ, ಹೆಚ್ಚಾಗಿ ಸಣ್ಣ ಕರುಳಿನ ಕೊನೆಯ ಭಾಗದಲ್ಲಿ. ವಿಟಮಿನ್ ಬಿ12 ರಕ್ತಕ್ಕೆ ಸೇರುವುದು ಅಲ್ಲೇ. ಹಾಗಾಗಿ ಚೆನ್ನಾಗಿ ಉಂಡರೂ ಮೈಗೆ ಹತ್ತದೆ ಇರಬಹುದು. ಕೆಲವರಿಗೆ ಆ ಜಾಗ ಗಾಯವಾಗಿ ಮಾಸಿ ಕಿರಿದಾಗಿರುತ್ತದೆ. ಅಂಥವರು ಗುಜ್ಜೆ (ಎಳೆ ಹಲಸಿನಕಾಯಿ), ಬಸಳೆ ದಂಟು, ತೆಂಗಿನಕಾಯಿ ಚೂರು ತಿಂದರೆ ನಾರು ಸಿಕ್ಕಿಹಾಕಿಕೊಂಡು ಹೊಟ್ಟೆನೋವು, ವಾಂತಿ ಬರಬಹುದು. ಕರುಳು ಕಿರಿದಾಗದೆ ಕಾಯಿಲೆ ಹತೋಟಿಯಲ್ಲಿದ್ದರೆ ಅದೇ ಬಸಳೆ ಬಿಡಬೇಕಾಗಿ ಬರದೆಯೂ ಇರಬಹುದು. ಎಲ್ಲರಿಗೂ ಒಂದೇ ಪಟ್ಟಿ ಇಲ್ಲ. ನೆರೆಕರೆಯವರು ಹೇಳಿದರು ಅಂತ ಸುಮ್ನೆ ಹಾಲು, ಮೀನು, ಗೋಧಿ ಎಲ್ಲ ಬಿಟ್ಟರೆ ಇಳಿಯುವುದು ತೂಕ ಮಾತ್ರ.

ನನಗೆ ಜಾಸ್ತಿ ಬೇಸರ ಆಗುವುದು ತಿಂಗಳುಗಟ್ಟಲೆ ಬರೀ ಗಂಜಿ ತಿಳಿ ಕೊಡುವುದನ್ನು ನೋಡಿದಾಗ. ಕಾಯಿಲೆ ಜೋರಾದಾಗ ಬೆಳ್ತಿಗೆ ಅಕ್ಕಿ ಗಂಜಿ ಹಗುರ, ಸರಿ. ಆದರೆ ಆಗಲೇ ಅಲ್ವಾ ದೇಹಕ್ಕೆ ಪ್ರೋಟೀನ್ ಹೆಚ್ಚು ಬೇಕಾಗುವುದು? ಮೊಟ್ಟೆಯೋ, ಮುಳ್ಳು ತೆಗೆದು ಬೇಯಿಸಿದ ಮೀನೋ, ಯಾವುದು ಎಷ್ಟು ಅಂತ ಡಯಟೀಷಿಯನ್ ಹೇಳುತ್ತಾರೆ.

ಈಗ ನೋಡುತ್ತಿರುವ ಗ್ಯಾಸ್ಟ್ರೋ (ಹೊಟ್ಟೆ-ಕರುಳಿನ) ಡಾಕ್ಟರ ಹತ್ತಿರವೇ ಚೀಟಿ ಕೇಳಿ. ಮಂಗಳೂರು, ಮಣಿಪಾಲದ ದೊಡ್ಡ ಆಸ್ಪತ್ರೆಗಳಲ್ಲಿ ಡಯಟೀಷಿಯನ್ ಇರುತ್ತಾರೆ. ಸ್ಕ್ಯಾನ್ ರಿಪೋರ್ಟು, ರಕ್ತದ ಟೆಸ್ಟುಗಳು, ಒಂದು ವಾರ ತಿಂದಿದ್ದೆಲ್ಲ ಬರೆದ ಪುಸ್ತಕ ಒಯ್ಯಿರಿ. ಹೊಟ್ಟೆ ಉಬ್ಬಿ ವಾಂತಿ ನಿಲ್ಲದಿದ್ದರೆ ಮಾತ್ರ ಕಾಯಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ.