ಸೈಬರ್ ದಾಳಿ ಅಥವಾ ದತ್ತಾಂಶ ಸೋರಿಕೆಯ ಸಂದರ್ಭದ ಸಂವಹನಕ್ಕೆ ಸಂಸ್ಥೆಯೊಂದು ಮೊದಲೇ ಹೇಗೆ ಸಿದ್ಧವಾಗಬೇಕು?

ಸಂಸ್ಥೆಯ ಪರವಾಗಿ ಯಾರು ಮಾತನಾಡಬೇಕು, ಅವರು ಸಿಗದಿದ್ದರೆ ಮತ್ತೊಬ್ಬರು ಯಾರು, ಪ್ರಕಟಣೆಗೆ ಅಂತಿಮ ಒಪ್ಪಿಗೆ ಯಾರದು ಎಂಬುದನ್ನು ಮೊದಲು ಲಿಖಿತವಾಗಿ ನಿಗದಿಪಡಿಸಬೇಕು. ದಾಳಿಕೋರರು ಇಮೇಲ್ ವ್ಯವಸ್ಥೆಯೊಳಗೇ ಇದ್ದು ಸಂದೇಶಗಳನ್ನು ಓದುತ್ತಿರಬಹುದು ಅಥವಾ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಎಂಬ ತಂತ್ರಾಂಶದಿಂದ ಸರ್ವರ್‌ಗಳೇ ಸ್ಥಗಿತಗೊಂಡಿರಬಹುದು. ಆದ್ದರಿಂದ ಮುಖ್ಯ ಸಿಬ್ಬಂದಿಯ ದೂರವಾಣಿ ಸಂಖ್ಯೆಗಳೂ ಕರಡು ಪ್ರಕಟಣೆಗಳೂ ಕಾಗದದ ಮೇಲೆ ಸಹ ಇರಬೇಕು. ನನ್ನ ದೃಷ್ಟಿಯಲ್ಲಿ ಇಡೀ ಸಿದ್ಧತೆಯಲ್ಲಿ ಅತಿ ಅಗತ್ಯವಾದದ್ದು ಇದೇ.

ಏನಾಯಿತು, ಯಾವ ಬಗೆಯ ಮಾಹಿತಿ ಸೋರಿದೆ, ಯಾವುದು ಇನ್ನೂ ತನಿಖೆಯಲ್ಲಿದೆ, ಗ್ರಾಹಕರು ಈಗಲೇ ಏನು ಮಾಡಬೇಕು ಎಂಬುದಕ್ಕೆ ಕರಡಿನಲ್ಲಿ ಜಾಗವಿರಲಿ. “ನಿಮ್ಮ ಮಾಹಿತಿ ಸಂಪೂರ್ಣ ಸುರಕ್ಷಿತವಾಗಿದೆ” ಎಂಬ ಸಾಲನ್ನು ತನಿಖೆ ಮುಗಿಯುವ ಮುನ್ನ ದಯವಿಟ್ಟು ಬರೆಯಬೇಡಿ. ಅದನ್ನು ನಂಬಿದವರು ಪಾಸ್‌ವರ್ಡ್ ಬದಲಿಸದೆ ಉಳಿದುಬಿಡುತ್ತಾರೆ.

ಮಾಹಿತಿ ನೀಡುವ ಜಾಲತಾಣದ ವಿಳಾಸವೂ ಮೊದಲೇ ತೀರ್ಮಾನವಾಗಿರಬೇಕು. 2017ರಲ್ಲಿ ಸುಮಾರು 14.7 ಕೋಟಿ ಜನರ ಮಾಹಿತಿ ಸೋರಿಕೆಯಾದಾಗ ಜನರ ಸಾಲದ ದಾಖಲೆಗಳನ್ನು ಸಂಗ್ರಹಿಸುವ ಅಮೆರಿಕದ ಈಕ್ವಿಫ್ಯಾಕ್ಸ್ ಸಂಸ್ಥೆಯು ತನ್ನ ಮುಖ್ಯ ತಾಣವನ್ನು ಬಿಟ್ಟು ಪ್ರತ್ಯೇಕ ವಿಳಾಸವೊಂದನ್ನು ಆರಂಭಿಸಿತು; ಅದರ ಪದಗಳನ್ನೇ ಹಿಂದುಮುಂದಾಗಿಸಿ, ಅಪಾಯವನ್ನು ತೋರಿಸಲೆಂದು ಹೊರಗಿನವರೊಬ್ಬರು ರೂಪಿಸಿದ್ದ ನಕಲಿ ತಾಣಕ್ಕೆ ಸಂಸ್ಥೆಯ ಅಧಿಕೃತ ಟ್ವಿಟರ್ ಖಾತೆಯೇ ಗ್ರಾಹಕರನ್ನು ಕಳುಹಿಸಿತು. ಜನರಿಗೆ ಪರಿಚಿತವಾದ ಮುಖ್ಯ ತಾಣದಲ್ಲೇ ಒಂದು ಪುಟವನ್ನು ಸಿದ್ಧವಾಗಿಟ್ಟುಕೊಳ್ಳುವುದು ಹೆಚ್ಚು ಸುರಕ್ಷಿತ.

ಕಾನೂನಿನ ಗಡುವುಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ. ಐರೋಪ್ಯ ಒಕ್ಕೂಟದ ದತ್ತಾಂಶ ರಕ್ಷಣಾ ಕಾನೂನಾದ ಜಿಡಿಪಿಆರ್ ಪ್ರಕಾರ, ವ್ಯಕ್ತಿಗಳಿಗೆ ಅಪಾಯ ತರಬಹುದಾದ ಸೋರಿಕೆಯನ್ನು ಅದು ತಿಳಿದುಬಂದ 72 ಗಂಟೆಗಳೊಳಗೆ ಮೇಲ್ವಿಚಾರಣಾ ಪ್ರಾಧಿಕಾರಕ್ಕೆ ವರದಿ ಮಾಡಬೇಕು. ಗ್ರಾಹಕರು ಸುದ್ದಿಯನ್ನು ಮಾಧ್ಯಮಗಳಿಂದ ತಿಳಿಯುವ ಮೊದಲೇ ಸಹಾಯವಾಣಿಯ ಸಿಬ್ಬಂದಿಯ ಕೈಗೆ ಉತ್ತರಗಳು ತಲುಪಿರಬೇಕು.