ಮಳೆ ಒಂದೇ, ವಿಮೆ ಪಕ್ಕದ ಪಂಚಾಯಿತಿಗೆ ಮಾತ್ರ ಏಕೆ?

ಈ ಸಲವೂ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಬೆಳೆ ವಿಮೆಯದೇ. ಹೋದ ವರ್ಷವೂ ಉತ್ತರ ಬರೆದಿದ್ದೆ, ಯಾರೂ ಓದಿದಂತಿಲ್ಲ. ಹಾಗಾಗಿ ಅದೊಂದನ್ನು ಉದ್ದಕ್ಕೆ ಬರೆದು ಉಳಿದವನ್ನು ಬೇಗ ಮುಗಿಸುತ್ತೇನೆ. ವಿಮೆ ಎಲ್ಲಿ ಕಟ್ಟಬೇಕು, ಎಫ್‌ಐಡಿ ಎಂಬ ರೈತರ ಗುರುತಿನ ಸಂಖ್ಯೆ ಎಲ್ಲಿ ಸಿಗುತ್ತದೆ ಎಂದೆಲ್ಲ ನನ್ನನ್ನು ಕೇಳಬೇಡಿ. ರೈತ ಸಂಪರ್ಕ ಕೇಂದ್ರದವರು ಅದಕ್ಕೇ ಇದ್ದಾರೆ.

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕು, ನಾಲ್ಕು ಎಕರೆ ಶೇಂಗಾ. 2023ರಲ್ಲಿ ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಿತು. 72 ಗಂಟೆಯೊಳಗೆ ಕಂಪನಿಗೆ ಫೋನ್ ಮಾಡಿದೆ. ತಾಲ್ಲೂಕನ್ನು ಬರಪೀಡಿತ ಎಂದು ಸರ್ಕಾರವೇ ಘೋಷಿಸಿತ್ತು. ಆದರೂ ಪಕ್ಕದ ಪಂಚಾಯಿತಿಯವರಿಗೆ ಬಂದ ವಿಮೆಯ ಕಾಲುಭಾಗವೂ ನಮಗೆ ಬರಲಿಲ್ಲ. ಇದು ಮೋಸವಲ್ಲವೇ?

ಮೋಸ ಇರಲೂಬಹುದು. ಆದರೆ ಮೋಸವೇ ಇಲ್ಲದೆಯೂ ಹೀಗಾಗುತ್ತದೆ, ಅದು ನಿಮಗೆ ಗೊತ್ತಿರಬೇಕು.

ಮೊದಲು ಬರ ಘೋಷಣೆಯನ್ನು ಪಕ್ಕಕ್ಕಿಡಿ. ಅದಕ್ಕೂ ವಿಮೆಗೂ ಸಂಬಂಧವಿಲ್ಲ. ಬರ ಘೋಷಿಸುವುದು ತಾಲ್ಲೂಕಿಗೆ. ಮಳೆ ಕೊರತೆ, ಮಳೆಯಿಲ್ಲದೆ ಕಳೆದ ವಾರಗಳು, ಮಣ್ಣಿನ ತೇವ, ಉಪಗ್ರಹ ತೋರಿಸುವ ಹಸಿರು, ಬಿತ್ತನೆಯಾದ ಪ್ರದೇಶ ಇವನ್ನೆಲ್ಲ ನೋಡಿ, ಕೆಲವು ಹಳ್ಳಿಗಳ ಹೊಲಕ್ಕೆ ಹೋಗಿ ತಾಳೆ ಹಾಕಿ ನಿರ್ಧರಿಸುತ್ತಾರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಹೀಗೆ ಬರಪೀಡಿತವಾದವು. ಅದರಿಂದ ಬರುವುದು ಬೆಳೆ ಪರಿಹಾರ: ಶೇ 33 ಅಥವಾ ಹೆಚ್ಚು ನಷ್ಟವಾಗಿದ್ದರೆ ಮಳೆಯಾಶ್ರಿತ ಬೆಳೆಗೆ ಆ ವರ್ಷ ಹೆಕ್ಟೇರಿಗೆ 8,500 ರೂಪಾಯಿ ಇತ್ತು, ಅದೂ 2 ಹೆಕ್ಟೇರಿನವರೆಗೆ ಮಾತ್ರ. ಇದು ಸರ್ಕಾರದ ಹಣ, ಒಂದು ರೂಪಾಯಿ ಕಂತು ಕಟ್ಟದವನಿಗೂ ಬರುತ್ತದೆ. ವಿಮೆ ಹಾಗಲ್ಲ. ಮುಖ್ಯ ಬೆಳೆಗಳಿಗೆ ಅದರ ಲೆಕ್ಕ ಗ್ರಾಮ ಪಂಚಾಯಿತಿ ಮಟ್ಟದ್ದು. ಪಾಸ್‌ಬುಕ್‌ಗೆ ಬಿದ್ದ ಹಣ ಎರಡರಲ್ಲಿ ಯಾವುದು ಎಂದು ತಿಳಿಯದೆ ಬ್ಯಾಂಕಿನಲ್ಲಿ ಜಗಳ ಕಾಯುವವರನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಇನ್ನು ಆ 72 ಗಂಟೆ. ಈ ಮಾತನ್ನು ಊರೂರಿಗೆ ಹರಡಿದವರು ಯಾರೋ! ಆಲಿಕಲ್ಲು, ಮೇಘಸ್ಫೋಟ, ಹೊಲಕ್ಕೆ ನೀರು ನುಗ್ಗುವುದು, ಸಿಡಿಲಿನ ಬೆಂಕಿ, ಇಂಥ ಒಂದೆರಡು ಹೊಲಕ್ಕೆ ಬಡಿಯುವ ಹಾನಿಗೆ ಅದು ಬೇಕು. ಕಟಾವಾಗಿ ಒಣಗಲು ಹರಡಿದ ಬೆಳೆ 14 ದಿನದೊಳಗೆ ಅಕಾಲಿಕ ಮಳೆಗೆ ಸಿಕ್ಕರೂ ಬೇಕು. ಬರಕ್ಕೆ ಬೇಡ. ಬರದಲ್ಲಿ ನಿಮ್ಮ ಹೊಲವನ್ನು ಯಾರೂ ಪ್ರತ್ಯೇಕವಾಗಿ ನೋಡುವುದೇ ಇಲ್ಲ.

ನೋಡುವುದು ಪಂಚಾಯಿತಿಯ ನಾಲ್ಕು ಹೊಲಗಳನ್ನು. ಒಂದು ಮುಖ್ಯ ಬೆಳೆಗೆ ಪಂಚಾಯಿತಿಗೆ ಕನಿಷ್ಠ ನಾಲ್ಕು ಬೆಳೆ ಕಟಾವು ಪ್ರಯೋಗ. ಸರ್ವೆ ನಂಬರನ್ನು ಲಾಟರಿಯಂತೆ ಆರಿಸಿರುತ್ತಾರೆ. ಹೊಲದ ನೈಋತ್ಯ ಮೂಲೆಯಲ್ಲಿ ನಿಂತು, ಕೊಟ್ಟಿರುವ ಎರಡು ಅಂಕಿಗಳಷ್ಟು ಹೆಜ್ಜೆಯನ್ನು ಉದ್ದಕ್ಕೂ ಅಡ್ಡಕ್ಕೂ ಹಾಕಿದರೆ ಗೂಟ ಹೊಡೆಯುವ ಜಾಗ ಸಿಗುತ್ತದೆ. ಅಲ್ಲಿಂದ ಸಾಮಾನ್ಯವಾಗಿ 5 ಮೀಟರ್ ಉದ್ದ, 5 ಮೀಟರ್ ಅಗಲಕ್ಕೆ ಹಗ್ಗ ಎಳೆದು, ಒಳಗಿನ ಗಿಡ ಕಿತ್ತು, ಮಣ್ಣು ಕೊಡವಿ, ಕಾಯಿ ಬಿಡಿಸಿ ತೂಗಬೇಕು. ಹಸಿ ತೂಕ ಒಂದು, ಒಣಗಿಸಿದ ಮೇಲೆ ಇನ್ನೊಂದು. ಎಲ್ಲಕ್ಕೂ ಮೊಬೈಲಿನಲ್ಲಿ ಫೋಟೊ.

ಹೀಗೆ ನಡೆಯಬೇಕು. ನಡೆಯುವುದು ಹೇಗೆಂದರೆ, ಹೊಲದ ಯಜಮಾನನಿಗೆ ಮೊದಲೇ ತಿಳಿಸಿರುವುದಿಲ್ಲ, ಅವನು ಹಿಂದಿನ ದಿನವೇ ಗಿಡ ಕಿತ್ತು ಬಣವೆ ಒಟ್ಟಿರುತ್ತಾನೆ. ಬಂದವರು ಬದಲಿ ನಂಬರು ಹುಡುಕಿಕೊಂಡು ಹೋಗುತ್ತಾರೆ. ಅದು ಬೋರ್‌ವೆಲ್ ನೀರು ಬಿದ್ದ ಹೊಲವಾದರೆ ಇಳುವರಿ ಹೆಚ್ಚು ಬಂದು ನಿಮ್ಮ ಪಂಚಾಯಿತಿಯ ಕಥೆ ಮುಗಿದಂತೆಯೇ. ರೈತರೂ ಕಡಿಮೆಯಿಲ್ಲ. ‘ಸಾರ್, ಗೂಟ ಆ ಕಡೆ ಹೊಡೀರಿ’ ಎಂದು ಕರಲು ಬಿದ್ದು ಬೆಳೆ ಬಾರದ ಮೂಲೆ ತೋರಿಸುತ್ತಾರೆ. ಕಂಪನಿಯವನು ಇದನ್ನೇ ಹಿಡಿದು ಆಕ್ಷೇಪಣೆ ಹಾಕುತ್ತಾನೆ, ಇಡೀ ಪಂಚಾಯಿತಿಯ ಹಣ ತಿಂಗಳುಗಟ್ಟಲೆ ನಿಲ್ಲುತ್ತದೆ.

ಈಗ ನಿಮ್ಮ ನಿಜವಾದ ಪ್ರಶ್ನೆ, ಪಕ್ಕದವರಿಗೇಕೆ ಹೆಚ್ಚು? ಈ ವರ್ಷದ ಇಳುವರಿಯನ್ನು ಹೋಲಿಸುವುದು ‘ಪ್ರಾರಂಭಿಕ ಇಳುವರಿ’ಯ ಜತೆ. ಹಿಂದಿನ 7 ವರ್ಷಗಳಲ್ಲಿ ಚೆನ್ನಾಗಿ ಬೆಳೆದ 5 ವರ್ಷಗಳ ಸರಾಸರಿ ತೆಗೆದು, ಅಧಿಸೂಚನೆಯಲ್ಲಿ ಹೇಳಿದಂತೆ ಅದರ ಶೇ 70, 80 ಅಥವಾ 90ರಷ್ಟನ್ನು ಹಿಡಿಯುತ್ತಾರೆ. ಇದೂ ಪಂಚಾಯಿತಿಗೊಂದು.

ಲೆಕ್ಕ ಮಾಡಿಯೇ ತೋರಿಸುತ್ತೇನೆ. ಅಂಕಿಗಳು ಉದಾಹರಣೆಗೆ ಮಾತ್ರ, ಇವನ್ನು ಹಿಡಿದುಕೊಂಡು ಯಾವ ಕಚೇರಿಗೂ ಹೋಗಬೇಡಿ. ಪಕ್ಕದ ಪಂಚಾಯಿತಿಯಲ್ಲಿ ಏಳರಲ್ಲಿ ಎರಡೇ ಕೆಟ್ಟ ವರ್ಷ. ಅವೆರಡು ಲೆಕ್ಕದಿಂದ ಹೊರಗೆ. ಒಳ್ಳೆಯ ಐದರ ಸರಾಸರಿ ಹೆಕ್ಟೇರಿಗೆ 800 ಕಿಲೋ, ಅದರ ಶೇ 80 ಎಂದರೆ 640. ಈ ವರ್ಷ ಬಂದದ್ದು 480. ಕೊರತೆ 160, ಅಂದರೆ 640ರಲ್ಲಿ ಶೇ 25. ವಿಮಾ ಮೊತ್ತ ಹೆಕ್ಟೇರಿಗೆ 50,000 ಇದ್ದರೆ ಅವರಿಗೆ 12,500 ರೂಪಾಯಿ.

ನಿಮ್ಮಲ್ಲಿ ಏಳರಲ್ಲಿ ನಾಲ್ಕು ವರ್ಷ ಬರ. ಎರಡನ್ನು ಬಿಟ್ಟರೂ ಇನ್ನೆರಡು ಸರಾಸರಿಯೊಳಗೇ ಉಳಿದವು. ಐದರ ಸರಾಸರಿ 640ಕ್ಕೆ ಇಳಿಯಿತು, ಅದರ ಶೇ 80 ಎಂದರೆ 512. ಈ ವರ್ಷ ನಿಮ್ಮಲ್ಲೂ ಅದೇ 480. ಕೊರತೆ 32 ಮಾತ್ರ, ಅಂದರೆ 512ರಲ್ಲಿ ಶೇ 6.25. ಕೈಗೆ ಬರುವುದು 3,125 ರೂಪಾಯಿ. ಮಳೆ ಅದೇ, ಬೆಳೆ ಅದೇ, ಕಟ್ಟಿದ ಕಂತೂ ಅದೇ!

ಹೆಚ್ಚು ಸಲ ಬರ ಕಂಡವನಿಗೆ ಕಡಿಮೆ ವಿಮೆ. ಯಾರೂ ಕದ್ದಿಲ್ಲ, ಸೂತ್ರವೇ ಹಾಗಿದೆ. ಬರ ಅಪರೂಪಕ್ಕೆ ಬರುತ್ತದೆ ಎಂದು ನಂಬಿದವರು ಬರೆದ ಸೂತ್ರ ಇದು. ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು ಅಂಥ ಕಡೆ ಅದು ಎಂದೂ ಅಪರೂಪವಾಗಿರಲಿಲ್ಲ, ಈಗಂತೂ ಮಳೆ ಬರುವ ತಿಂಗಳೇ ನೆಚ್ಚಿಕೆಯಿಲ್ಲ. ಹವಾಮಾನ ಬದಲಾವಣೆಗೆ ರೈತನಿಗೆ ವಿಮೆಯೇ ರಕ್ಷಣೆ ಎಂದು ಸಭೆಗಳಲ್ಲಿ ಭಾಷಣ ಮಾಡುವವರು ಈ ಏಳು ವರ್ಷದ ಲೆಕ್ಕವನ್ನು ಒಮ್ಮೆ ಬೋರ್ಡಿನ ಮೇಲೆ ಬರೆದು ತೋರಿಸಲಿ. ಬರಪೀಡಿತವೆಂದು ಘೋಷಿಸಿದ ವರ್ಷಗಳನ್ನೆಲ್ಲ, ಅವು ಎರಡಿರಲಿ ನಾಲ್ಕಿರಲಿ, ಸರಾಸರಿಯಿಂದ ಹೊರಗಿಡಬೇಕು ಎಂಬುದು ನನ್ನ ವಾದ. ಕಂತು ಏರುತ್ತದೆ ಎಂಬ ಉತ್ತರ ಬರುತ್ತದೆ. ಏರಲಿ. ಮುಂಗಾರು ಆಹಾರ ಬೆಳೆ, ಎಣ್ಣೆಕಾಳಿಗೆ ರೈತನ ಪಾಲು ಶೇ 2 ಮಾತ್ರ, ಉಳಿದದ್ದನ್ನು ರಾಜ್ಯ ಮತ್ತು ಕೇಂದ್ರ ಭರಿಸುತ್ತವೆ. ಏರಿದ ಕಂತನ್ನು ತಾನು ಕೊಡಬೇಕಾಗುತ್ತದೆ ಎಂದೇ ಸರ್ಕಾರ ಸುಮ್ಮನಿದೆ.

ನೀವು ಮಾಡಬೇಕಾದ್ದು ಏನು? ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ಶೇಂಗಾ ಎಂದೇ ದಾಖಲಾಗಿದೆಯೇ ನೋಡಿ. ವಿಮೆಯಲ್ಲಿ ಶೇಂಗಾ, ಸಮೀಕ್ಷೆಯಲ್ಲಿ ತೊಗರಿ ಎಂದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ಕಾಣುತ್ತದೆ, ತಪ್ಪಿದ್ದರೆ ಅವಧಿಯೊಳಗೆ ಆಕ್ಷೇಪಣೆ ಹಾಕಿ. ನಿಮ್ಮ ಪಂಚಾಯಿತಿಯ ನಾಲ್ಕು ಸರ್ವೆ ನಂಬರು ಯಾವುವು ಎಂದು ಕಟಾವಿಗೆ ಮೊದಲೇ ಕೇಳಿ ತಿಳಿದುಕೊಂಡು, ಆ ಹೊಲದವರಿಗೆ ನೀವೇ ಹೇಳಿಡಿ. ಪ್ರಯೋಗದ ದಿನ ಹೋಗಿ ನಿಲ್ಲಿ, ತೂಕ ಬರೆದುಕೊಳ್ಳಿ, ಗೂಟ ಎಲ್ಲಿ ಹೊಡೆಯಬೇಕೆಂದು ಮಾತ್ರ ಹೇಳಬೇಡಿ. ಬಿತ್ತನೆಯೇ ಆಗದ ವರ್ಷಕ್ಕೆ ಬೇರೆ ನಿಯಮ: ಮುಕ್ಕಾಲು ಪಾಲು ಪ್ರದೇಶ ಬಿತ್ತನೆಯಾಗದೆ ಉಳಿದಿದ್ದರೆ ವಿಮಾ ಮೊತ್ತದ ಶೇ 25 ಕೊಟ್ಟು ಪಾಲಿಸಿ ಮುಗಿಸುತ್ತಾರೆ.

ತಾಲ್ಲೂಕು ಕಚೇರಿಯ ಎದುರಿನ ಚಹಾ ಅಂಗಡಿಯಲ್ಲಿ ಕೂತು ‘ಶೇ 10 ಕೊಡಿ, ವಿಮೆ ಬಿಡಿಸಿಕೊಡ್ತೀನಿ’ ಎನ್ನುವವರ ಬಗ್ಗೆಯೂ ಕೇಳಿದ್ದೀರಿ. ಬಿಡಿಸಲು ಅಲ್ಲಿ ಏನೂ ಇರುವುದಿಲ್ಲ. ಲೆಕ್ಕವಾದ ಮೇಲೆ ಹಣ ತಾನಾಗಿಯೇ ಖಾತೆಗೆ ಬರುತ್ತದೆ, ಬರುವ ಸುದ್ದಿ ನಿಮಗಿಂತ ಮೊದಲು ಅವನಿಗೆ ತಿಳಿದಿರುತ್ತದೆ, ಅಷ್ಟೇ. ಆಧಾರ್, ಪಹಣಿ ಅವನ ಕೈಗೆ ಕೊಟ್ಟರೆ ನಿಮ್ಮ ಜಮೀನಿನ ಮೇಲೆ ಇನ್ನಾರದೋ ಹೆಸರಲ್ಲಿ ವಿಮೆ ಕಟ್ಟಿಸಿಯಾನು.

ಪ್ರಶ್ನೆ: ವಾಣಿವಿಲಾಸ ಸಾಗರ ಕೋಡಿ ಬಿತ್ತಲ್ಲ, ಇನ್ನು ಚಿತ್ರದುರ್ಗಕ್ಕೆ ಬರವಿಲ್ಲ ಅನ್ನಬಹುದೇ? (ಹಿರಿಯೂರು)

ಅನ್ನಬಾರದು. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲೇ. ಭದ್ರೆಯ ನೀರೂ ಸೇರಿ ತುಂಬಿದ ಜಲಾಶಯ ಅದು. 130 ಅಡಿ ತುಂಬಿದರೆ ಹಿರಿಯೂರಿನ ತೆಂಗಿಗೆ ಸಂತೋಷ, ಚಳ್ಳಕೆರೆ ಕಡೆಯ ನಾಯಕನಹಟ್ಟಿಯ ಶೇಂಗಾ ಅದರಿಂದ ನೆನೆಯುವುದಿಲ್ಲ.

ಪ್ರಶ್ನೆ: ಭದ್ರಾ ಮೇಲ್ದಂಡೆ ನೀರು ನಮ್ಮ ಹೊಲಕ್ಕೆ ಯಾವಾಗ ಬರುತ್ತದೆ? (ಜಗಳೂರು)

2023ರ ಕೇಂದ್ರ ಬಜೆಟ್‌ನಲ್ಲಿ ಹೇಳಿದ 5,300 ಕೋಟಿಯನ್ನು ಕೇಳಿ ಕೇಳಿ ರಾಜ್ಯಕ್ಕೇ ಸಾಕಾಯಿತು. ಪೈಪು ಹೊಲದ ಬದುವಿಗೆ ಬರುವ ತನಕ ಅದನ್ನು ನಂಬಿ ಸಾಲ ಮಾಡಬೇಡಿ.

ಪ್ರಶ್ನೆ: ಬೋರ್‌ನಲ್ಲಿ ಎರಡಿಂಚು ನೀರಿದೆ. ಮೆಕ್ಕೆಜೋಳ ಬಿಟ್ಟು ಅಡಿಕೆ ಹಾಕಲೇ? (ಹೊಳಲ್ಕೆರೆ)

2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಂಡು ತೋಟ ಉಳಿಸಿಕೊಂಡ ಚನ್ನಗಿರಿಯವರನ್ನು ಕೇಳಿ ಬನ್ನಿ. ಮೆಕ್ಕೆಜೋಳ ಒಣಗಿದರೆ ಒಂದು ವರ್ಷ ಹೋಯಿತು, ಅಡಿಕೆ ಒಣಗಿದರೆ ಹತ್ತು ವರ್ಷ. ನಾನಾದರೆ ಹಾಕುವುದಿಲ್ಲ.

ಪ್ರಶ್ನೆ: ತೆಂಗಿನಕಾಯಿ ಹಿಡಿದು ಬೋರ್ ಪಾಯಿಂಟ್ ತೋರಿಸುವವರು ಖಂಡಿತ ನೀರು ಅನ್ನುತ್ತಾರೆ. ನಂಬಬಹುದೇ? (ದಾವಣಗೆರೆ)

ಖಂಡಿತ ಎನ್ನುವವನಿಗೆ ನೀರು ಬಿದ್ದ ಮೇಲೆ ದುಡ್ಡು ಕೊಡುತ್ತೇನೆ ಅನ್ನಿ, ಮತ್ತೆ ಬರುವುದಿಲ್ಲ.

ಪ್ರಶ್ನೆ: ಸರ್ಕಾರ ಮೋಡ ಬಿತ್ತನೆ ಏಕೆ ನಿಲ್ಲಿಸಿತು?

ಬಿತ್ತಲು ಮೋಡ ಬೇಕು. ಬರಗಾಲದಲ್ಲಿ ಇಲ್ಲದ್ದು ಅದೇ.

ಪ್ರಶ್ನೆ: ಅರ್ಜಿ ಸಂಖ್ಯೆ, ಆಧಾರ್, ಪಾಸ್‌ಬುಕ್ ಫೋಟೊ ಕಳಿಸಿದ್ದೇನೆ. ನನ್ನ ವಿಮೆ ಎಲ್ಲಿಗೆ ಬಂತು, ನೋಡಿ ಹೇಳಿ.

ನೋಡುವುದಿಲ್ಲ. ‘ಸಂರಕ್ಷಣೆ’ ಪೋರ್ಟಲಿನಲ್ಲಿ ಅರ್ಜಿ ಸಂಖ್ಯೆ ಹಾಕಿದರೆ ನೀವೇ ನೋಡಬಹುದು, ದೂರಿದ್ದರೆ 14447ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ನಿಮ್ಮ ಫೋಟೊಗಳನ್ನು ಅಳಿಸಿದ್ದೇನೆ. ಇನ್ನು ಮುಂದೆ ಇಂಥವನ್ನು ನನಗೂ ಕಳಿಸಬೇಡಿ, ವಾಟ್ಸ್‌ಆ್ಯಪ್ ಗ್ರೂಪಿಗಂತೂ ಹಾಕಲೇಬೇಡಿ.